ಮಾವನ ಪಾಲಿನ ಅಂಕಿಗಳು

ಕಾವ್ಯಳ ಕೀಬೋರ್ಡಿನಲ್ಲಿ ಐದರ ಕೀ ಸತ್ತು ಮೂರು ದಿನವಾಗಿತ್ತು. ರಬಕವಿಯ ಮಗ್ಗದ ಮನೆಯಲ್ಲಿ ಕೀಬೋರ್ಡಿಗೆ ಅಷ್ಟೇ ಆಯುಷ್ಯ. ಹತ್ತಿಯ ಧೂಳು ಸಂದಿಗೆ ಇಳಿದು ಮೆತ್ತಿಕೊಂಡರೆ ಮುಗಿಯಿತು. ಈ ಸಲ ಮೆಕ್ಯಾನಿಕಲ್ ಕೀಬೋರ್ಡೇ ಆಗಬೇಕೆಂದು ಅವಳು ಹಟ ಹಿಡಿದಿದ್ದಳು. ಅದರ ಕೀಗಳನ್ನು ಒಂದೊಂದಾಗಿ ಕಿತ್ತು ಒರೆಸಬಹುದು. ಪವರ್‌ಲೂಮಿನ ಗದ್ದಲದಲ್ಲಿ ಸದ್ದು ಕೇಳದಿದ್ದರೂ ಒತ್ತಿದ್ದು ಬೆರಳಿಗೆ ತಿಳಿಯುತ್ತದೆ.

ಸೀರೆಯ ಅಂಚಿನ ಹಳೆಯ ವಿನ್ಯಾಸಗಳನ್ನು ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ನಲವತ್ತು ವರ್ಷ ಕೈಮಗ್ಗ ನೇಯ್ದ ಮಾವ ಶಿದ್ರಾಮಪ್ಪ ಪಕ್ಕದ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲಿನ ಗ್ರಾಫ್ ಹಾಳೆಗೆ ಬಗ್ಗಿ, ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು ಎಂದು ಓದುತ್ತಿದ್ದ. ಕಾವ್ಯಳ ಬಲಗೈ ಕಣ್ಣಿಲ್ಲದೆಯೇ ಬಲಬದಿಯ ಅಂಕಿಗಳ ಮೇಲೆ ಓಡುತ್ತಿತ್ತು.

ಹೋದ ವಾರ ಡಾಕ್ಟರು ಮಾವನಿಗೆ ಕುತ್ತಿಗೆ ಬಗ್ಗಿಸಬೇಡಿ ಎಂದುಬಿಟ್ಟರು. ಅತ್ತೆ ಸಾವಿತ್ರೆವ್ವನಿಗೆ ಅಷ್ಟೇ ಸಾಕಾಯಿತು.

"ಇನ್ನ ಸಾಕ ಮಾಡ್ರಿ. ಹಾಳಿ ಫೋಟೊ ಹೊಡಕೊಂಡು ಆಕಿ ಒಬ್ಬಾಕಿನ ಮಾಡ್ತಾಳ."

ಮಾವನ ಮುಖ ಸಣ್ಣದಾಯಿತು. ಕಾವ್ಯಳಿಗೂ ಸಂಕಟವಾಯಿತು. ಮದುವೆಯಾಗಿ ಬಂದ ಈ ಎರಡು ವರ್ಷದಲ್ಲಿ, ಆ ಮನೆಯಲ್ಲಿ ಅವಳಿಗೆ ಮೊದಲು ಸಿಕ್ಕ ಗೆಳೆಯನೆಂದರೆ ಈ ಮುದುಕನೇ. ಹಾಳೆಯನ್ನು ಮೇಜಿನ ಮೇಲೆ ಕಣ್ಣಿನೆತ್ತರಕ್ಕೆ ನಿಲ್ಲಿಸಿದರೆ ಆತ ಬಗ್ಗಬೇಕಿಲ್ಲ. ಆದರೆ ಗೋಡೆಗೂ ಮಗ್ಗಕ್ಕೂ ನಡುವೆ ತುರುಕಿದ ಮೇಜು, ಉದ್ದನೆಯ ಕೀಬೋರ್ಡಿನ ಪಕ್ಕ ಹಾಳೆಗೆ ಜಾಗವೆಲ್ಲಿ? ನೂಲಿಗೆ ಗಂಟು ಹಾಕಿ ಮೇಜಿನ ಅಳತೆ ಹಿಡಿದು, ಅವಳು ಜಮಖಂಡಿಯ ಬಸ್ಸು ಹತ್ತಿದಳು.

ಕಂಪ್ಯೂಟರ್ ಅಂಗಡಿಯ ಶೀತಲ್ ಎರಡು ಕೀಬೋರ್ಡು ಮುಂದಿಟ್ಟ. ಉದ್ದನೆಯದಕ್ಕೆ ಬಲಗಡೆ ಅಂಕಿಗಳದೇ ಒಂದು ಗುಂಪುಂಟು. ಗಿಡ್ಡದಕ್ಕೆ ಅದಿಲ್ಲ, ಅಂಕಿಗಳೆಲ್ಲ ಅಕ್ಷರಗಳ ನೆತ್ತಿಯ ಮೇಲೆ ಒಂದೇ ಸಾಲಿನಲ್ಲಿ.

"ಅಕ್ಕಾರ, ಅಂಕಿ ಕೆಲಸ ಇದ್ರ ದೊಡ್ಡದ ಒಯ್ರಿ," ಎಂದ.

"ದೊಡ್ಡದಕ್ಕ ಜಾಗಾ ಇಲ್ರಿ."

"ಹಾಸಗಿ ಇದ್ದಷ್ಟ ಕಾಲು ಚಾಚಬೇಕಲ್ರಿ ಮತ್ತ!" ಎಂದು ನಕ್ಕು ಗಿಡ್ಡದನ್ನು ಕಟ್ಟಿಕೊಟ್ಟ.

ಮನೆಗೆ ಬಂದು ಗಿಡ್ಡ ಕೀಬೋರ್ಡು ಜೋಡಿಸಿದ್ದಾಯಿತು. ಅದರ ಬಲಕ್ಕೆ ಹಾಳೆ ಠೀವಿಯಿಂದ ನಿಂತಿತು. ಮಾವ ಬೆನ್ನು ನೆಟ್ಟಗೆ ಮಾಡಿ ಓದತೊಡಗಿದ. ಕಾವ್ಯಳ ಬಲಗೈ ಅಭ್ಯಾಸದಂತೆ ಹಾರಿ ಬರೀ ಮೇಜಿನ ಕಟ್ಟಿಗೆಯನ್ನು ಕುಟ್ಟಿತು. ನೆತ್ತಿಯ ಅಂಕಿ ಹುಡುಕುವಷ್ಟರಲ್ಲಿ ಮಾವ ಮೂರು ಸಾಲು ಮುಂದೆ. ಒಂದು ತಾಸಿನಲ್ಲಿ ಅಂಚಿನ ಹೂವಿಗೆ ಒಂದು ಎಸಳೇ ಕಡಿಮೆ!

ಮಾವ ಓದುವುದನ್ನು ನಿಲ್ಲಿಸಿದ.

"ನನ್ನ ಸಲುವಾಗಿ ಸಣ್ಣದು ತಂದಿ, ಯವ್ವಾ. ದೊಡ್ಡದ ತಗೊಂಬಾ. ನಾ ಒಳಗ ಸುಮ್ಮ ಕುಂದರತೇನಿ."

ಕಾವ್ಯಳ ಕಣ್ಣು ತುಂಬಿತು. ತನ್ನ ಮೇಲೆಯೇ ಸಿಟ್ಟೂ ಬಂತು. ಅಂಗಳಕ್ಕೆ ಹೋಗಿ ಶೀತಲ್‌ಗೆ ಫೋನು ಹಚ್ಚಿ, ಅವನೇ ಮೋಸ ಮಾಡಿದನೇನೋ ಎಂಬಂತೆ ಜಗಳ ತೆಗೆದಳು.

"ಅಕ್ಕಾರ, ಬರೇ ಅಂಕಿದು ಒಂದು ತುಂಡು ಬ್ಯಾರೆನ ಬರ್ತೈತ್ರಿ. ಅಂಗೈಯಷ್ಟ ಇರ್ತೈತಿ," ಎಂದ ಅವನು.

"ಮೊದಲ ಹೇಳಾಕ ಏನಾಗಿತ್ರಿ?"

"ನೀವು ಕೇಳಲಿಲ್ಲಲ್ರಿ!"

ಮರುದಿನ ಮಧ್ಯಾಹ್ನ ಬಸ್ಸಿನ ಕಂಡಕ್ಟರು ಆ ತುಂಡನ್ನು ತಂದುಕೊಟ್ಟ. ಉಳಿದ ಜಾಗ ಹಾಳೆಯ ಆಚೆ, ಮಾವನ ಮುಂದೆ ಮಾತ್ರ. ಆತ ಓದಿದ, ಕಾವ್ಯ ಅಡ್ಡ ಕೈ ಚಾಚಿ ಒತ್ತಿದಳು. ಅವಳ ತೋಳು ಹಾಳೆಯನ್ನು ಮುಚ್ಚಿತು. ಎರಡು ಸಾಲು ತಾಳಿಕೊಂಡು ಮಾವ ಅವಳ ಕೈ ಸರಿಸಿದ.

"ನೀ ಯಾಕ ನಡುವ? ನೋಡೂದು ನಾನು, ಒತ್ತಾಕೂ ನನಗ ಬರ್ತೈತಿ ತಡಿ."

ಮೊದಮೊದಲು ಒಂದೇ ಬೆರಳು, ಕೋಳಿ ಕಾಳು ಹೆಕ್ಕಿದಂತೆ. ಒಂದು ಕೆಳಗೆ, ಒಂಬತ್ತು ಮೇಲೆ ಇರುವುದನ್ನು ಕಂಡು ಆತನಿಗೆ ಖುಷಿಯಾಯಿತು.

"ನಾವು ನೇಯೂದೂ ಹಿಂಗ. ಕೆಳಗಿಂದ ಮ್ಯಾಲೆ."

ಸಂಜೆಯ ಹೊತ್ತಿಗೆ ಬೆರಳು ಮೂರಾಗಿದ್ದವು. ಬಾಯಿಂದ ಓದುವುದು ಎಂದೋ ನಿಂತಿತ್ತು. ಪರದೆಯ ಮೇಲೆ ಹೂವು ಎಸಳೆಸಳಾಗಿ ತುಂಬಿ ಬರುತ್ತಿತ್ತು. ಮಾವನನ್ನು ಮೇಜಿನ ಬಳಿ ಉಳಿಸಿಕೊಳ್ಳಲು ಇಷ್ಟೆಲ್ಲ ಒದ್ದಾಡಿದ ಕಾವ್ಯ ಈಗ ಕೈಕಟ್ಟಿ ಕೂತಿದ್ದಳು. ಮಾವ ಪರದೆಯಿಂದ ಕಣ್ಣು ತೆಗೆಯದೆ ಅಂದ:

"ಸುಮ್ಮ ಯಾಕ ಕುಂತಿ, ಯವ್ವಾ? ಹೋಗಿ ಚಾ ಕುಡದ ಬಾ. ಇಲ್ಲಿ ನಾ ಅದೇನಿ."