ಹಸಿರು ಟಿಕ್ಕಿನ ಬಾಲ

ಆ ಲೆಕ್ಕಪರಿಶೋಧಕರ ಕಚೇರಿಯ ಚರಿತ್ರೆಯಲ್ಲಿ ದಾಖಲಾಗಬೇಕಾದ ಘೋರ ಸಂಗತಿಯೊಂದು ಸೋಮವಾರ ನಡೆಯಿತು: ಒಂದು ಹಸಿರು ಪೆನ್ಸಿಲ್ ಕಾಣೆಯಾಯಿತು.

ನಗಬೇಡಿ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಆಡಿಟರ್ ಸಾಹೇಬರದು ಕೆಂಪು, ದೊಡ್ಡ ಗುಮಾಸ್ತರದು ನೀಲಿ, ತರಬೇತಿಗೆ ಬಂದ ಹುಡುಗಿಯದು ಹಸಿರು. ಬಿಲ್ಲು ನೋಡಿ, ಸರಿಯಿದ್ದರೆ ಅವರವರ ಬಣ್ಣದಲ್ಲಿ ಟಿಕ್ ಹಾಕಬೇಕು. ಹಾಕಿದರೋ, ಆ ಬಿಲ್ಲಿನ ಪಾಪಪುಣ್ಯವೆಲ್ಲ ಅವರ ತಲೆಗೆ.

ಮಂಗಳವಾರ ಸಾಹೇಬರು ಒಂದು ಬಿಲ್ಲನ್ನು ಹುಡುಗಿಯ ಮುಂದೆ ಹಿಡಿದರು. ತಾರೀಖು ನವೆಂಬರ್ ಮೂವತ್ತೊಂದು. ಪಕ್ಕದಲ್ಲಿ ಹಸಿರು ಟಿಕ್.

"ನವೆಂಬರಿಗೆ ಒಂದು ದಿನ ದಾನ ಮಾಡಿದ ಪುಣ್ಯಾತ್ಮರು ಯಾರಮ್ಮಾ?"

"ನಾನಲ್ಲ ಸಾರ್. ಯಾರೋ ನನ್ನ ಪೆನ್ಸಿಲ್ ಕದ್ದು ಹಾಕಿದ್ದಾರೆ."

"ಹಾಗಾದ್ರೆ ಯಾರೂಂತ ಹಿಡಿ. ಅಲ್ಲೀವರೆಗೆ ನಿನ್ನ ಫಾರಂಗೆ ಸಹಿ ಇಲ್ಲ."

ತರಬೇತಿ ಮುಗಿಯಿತೆಂದು ಸಾಹೇಬರು ಸಹಿ ಹಾಕದೆ ಪರೀಕ್ಷೆಗೆ ಕೂರುವಂತಿಲ್ಲ. ಫಾರಂ ತಲುಪಿಸಲು ಶುಕ್ರವಾರ ಕೊನೆಯ ದಿನ. ಈ ಕಸುಬಿಗೆ ಮೊದಲು ಬೇಕಾದ ವಿದ್ಯೆ ಅನುಮಾನ ಎಂದು ಸಾಹೇಬರೇ ಹೇಳಿಕೊಟ್ಟಿದ್ದರು. ಹುಡುಗಿ ಆ ಪಾಠವನ್ನು ಈಗ ಮನಸಾರೆ ಕಲಿತಳು. ಅವಳ ಕಣ್ಣು ಗುಮಾಸ್ತರ ಮೇಲೆ ಬಿತ್ತು. ಅವರು ಕೂತಲ್ಲೇ ಪೆನ್ಸಿಲ್ ಹೆರೆಯುವುದು ಸುಮ್ಮನೆ ಅನ್ನಿಸಲಿಲ್ಲ. ಕೆಮ್ಮಿದರೆ ಸಂಚು, ಕೆಮ್ಮದಿದ್ದರೆ ಇನ್ನೂ ದೊಡ್ಡ ಸಂಚು.

ಬುಧವಾರ ಅವರೆದುರು ಹಾಳೆಯಿಟ್ಟಳು. "ಅಣ್ಣಾ, ಹತ್ತು ಟಿಕ್ ಹಾಕಿ."

"ನನ್ನ ಮೇಲೇ ಗುಮಾನಿಯೇನೇ ತಾಯಿ? ನೀನು ಹುಟ್ಟೋಕೆ ಮುಂಚೆಯಿಂದ ಇದೇ ಕೆಲಸ ಮಾಡ್ತಾ ಇದ್ದೀನಿ."

ಗೊಣಗುತ್ತಲೇ ಹಾಕಿದರು. ಹತ್ತರ ಬಾಲವೂ ಬಲಕ್ಕೆ. ಬಿಲ್ಲಿನ ಟಿಕ್ಕಿನ ಬಾಲ ಎಡಕ್ಕೆ.

ಹುಡುಗಿ ಪಕ್ಕದಲ್ಲಿ ತಾನೊಂದು ಹಾಕಿ ನೋಡಿದಳು. ಅದರ ಬಾಲವೂ ಎಡಕ್ಕೆ. ಕಚೇರಿಯಲ್ಲಿ ಎಡಗೈಯಲ್ಲಿ ಬರೆಯುವವಳು ಅವಳೊಬ್ಬಳೇ. ಕಳೆದ ಶನಿವಾರದ ಮಧ್ಯಾಹ್ನ ನೆನಪಾಯಿತು: ಮೇಜಿನ ಮೇಲೆ ಬಿಲ್ಲುಗಳ ಕಟ್ಟು, ತೊಡೆಯ ಮೇಲೆ ಪರೀಕ್ಷೆಯ ಪುಸ್ತಕ. ಕಣ್ಣು ಪುಸ್ತಕದಲ್ಲಿ, ಕೈ ತನ್ನ ಪಾಡಿಗೆ ಟಿಕ್ ಹಾಕುತ್ತಿತ್ತು. ಓದುತ್ತಿದ್ದ ಪಾಠ, ಬಿಲ್ಲಿನ ತಾರೀಖು ಪರಿಶೀಲಿಸುವ ಕ್ರಮ.

ಚೀಲ ಕೊಡವಿದಳು. ಅದರ ಹರಿದ ಒಳಪದರದ ಸಂದಿಯಿಂದ ಹಸಿರು ಪೆನ್ಸಿಲ್ ಉರುಳಿತು. ಗುಮಾಸ್ತರು ನೋಡಿದರು. ತಮ್ಮ ನೀಲಿ ಪೆನ್ಸಿಲ್ಲನ್ನು ಅವಳ ಕೈಗೆಟುಕದಷ್ಟು ದೂರ ಸರಿಸಿಟ್ಟರು.

ಹಾಳೆ ಹರಿದೆಸೆದಿದ್ದರೆ ಸಾಹೇಬರಿಗೆ ಗೊತ್ತಾಗುತ್ತಿರಲಿಲ್ಲ. ಅವಳು ಅದನ್ನು ಒಯ್ದು ಸಾಹೇಬರ ಮುಂದಿಟ್ಟಳು.

"ಸಿಕ್ಕಿದರಾ ಪುಣ್ಯಾತ್ಮರು?"

"ನಾನೇ ಸಾರ್."

"ನೀನು ಹೇಳಿದೆ ಅಂತ ನಂಬೋದು ಹೇಗೆ? ನನ್ನೆದುರು ಒಂದು ಹಾಕು."

ಹಾಕಿದಳು. ಬಾಲ ಎಡಕ್ಕೇ ಹೋಯಿತು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೂ ಒಮ್ಮೆ ನೋಡಿದರು.

"ಸರಿ. ತಪ್ಪಿರೋದು ಇದೊಂದೇ ಅಂತ ಏನು ಗ್ಯಾರಂಟಿ? ಆ ಕಟ್ಟಿನಲ್ಲಿರೋ ನಾನೂರನ್ನೂ ಮೊದಲಿಂದ ನೋಡು. ಆಮೇಲೆ ಸಹಿ."

ನಾನೂರು ಬಿಲ್ಲು ಮುಗಿದದ್ದು ಶನಿವಾರ. ಸಾಹೇಬರು ಸಹಿ ಹಾಕಿದರು. ಆ ಸಲದ ಪರೀಕ್ಷೆಗೆ ಅವಳು ಕೂರಲಿಲ್ಲ.