ಬಾಯ್ಲರ್ ನೋಡಲು ಬಂದವರಿಗೆ ಸಕ್ಕರೆಯಿಲ್ಲದ ಕಾಫಿ

ಉಡಿಗಾಲ ಎಂಬ ಊರಿನಲ್ಲಿ ಅರಿಸಿನ ಬೇಯಿಸುವ ಕಾಲ ಬಂತೆಂದರೆ ಅದು ಮೊದಲು ಮೂಗಿಗೆ ಗೊತ್ತಾಗುತ್ತದೆ. ಹೊಲದಿಂದ ಬಂದ ಹಸಿ ಕೊಂಬನ್ನು ದೊಡ್ಡ ಕೊಪ್ಪರಿಗೆಗೆ ಸುರಿಯಬೇಕು. ನೀರು ಬಿಟ್ಟು, ತೆಂಗಿನ ಗರಿ, ಮಟ್ಟೆ, ಹಸಿಬಿಸಿ ಸೌದೆ, ಕೈಗೆ ಸಿಕ್ಕಿದ್ದನ್ನೆಲ್ಲ ಒಲೆಗೆ ತುರುಕಬೇಕು. ನೊರೆ ಉಕ್ಕಿ, ಕೊಂಬು ಮೆತ್ತಗಾಗುವ ತನಕ ಒಲೆ ಬಿಟ್ಟು ಏಳುವಂತಿಲ್ಲ. ಈ ಕೆಲಸ ಹೆಂಗಸರ ಪಾಲಿಗೆ ಬಂದಿದೆ, ಹೊಗೆಯೂ ಅವರ ಪಾಲಿಗೇ ಬಂದಿದೆ.

ಆ ಮಧ್ಯಾಹ್ನ ಮಹಿಳಾ ಸಂಘದ ಶೆಡ್ಡಿನ ಹಿಂದೆ ಸುಂದ್ರಮ್ಮ ಕೊಪ್ಪರಿಗೆ ಮುಂದೆ ಕೂತಿದ್ದಳು. ಸೊಸೆ ಶಾಂತಿ ಸೌದೆ ಎತ್ತಿ ಕೊಡುತ್ತಿದ್ದಳು. ಶಾಂತಿಗೆ ದಮ್ಮು. ಎಳೆದುಕೊಳ್ಳುವ ಔಷಧಿಯ ಪಂಪು ಯಾವಾಗಲೂ ಅವಳ ಸೆರಗಿನ ತುದಿಯಲ್ಲಿ ಗಂಟು ಹಾಕಿರುತ್ತಿತ್ತು. ಹೊಗೆಯ ಹತ್ತಿರ ಸುಳಿಯಬೇಡ, ಇನ್ನೊಂದು ವರ್ಷ ಹೀಗೇ ಕೂತರೆ ಉಸಿರಿಗೇ ಸಂಚಕಾರ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಸುಳಿಯದಿದ್ದರೆ ಅರಿಸಿನ ಬೇಯಿಸುವವರು ಯಾರು ಎನ್ನುವುದನ್ನು ಮಾತ್ರ ಅಲ್ಲಿ ಯಾರೂ ಹೇಳಲಿಲ್ಲ.

ಅಷ್ಟರಲ್ಲಿ ಸಿಹಿಯ ಡಬ್ಬ ಹಿಡಿದುಕೊಂಡು ತಾಹಿರಾ ಬಂದಳು. ಅವಳ ಅಪ್ಪ ಮಹಮ್ಮದ್ ಇಸ್ಮಾಯಿಲ್ ಚಾಮರಾಜನಗರದಲ್ಲಿ ಅರಿಸಿನದ ವ್ಯಾಪಾರಿ. ಮೊದಲೆಲ್ಲ ಸುಂದ್ರಮ್ಮನ ಮನೆಯ ಅರಿಸಿನ ಅವರ ಅಂಗಡಿಗೇ ಹೋಗುತ್ತಿತ್ತು. ತಾಹಿರಾ ಬದನಗುಪ್ಪೆಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಕೆಲಸಕ್ಕಿದ್ದಳು.

"ಅಕ್ಕಾ, ಎಲ್ಲಿದ್ದೀರಿ? ನೀವು ಟಿವಿಯವರ ಥರ ಆಗ್ಬಿಟ್ರಲ್ಲ!" ಎಂದು ನಗುತ್ತಾ ಬಂದವಳು ಹಿತ್ತಲಿಗೆ ಕಾಲಿಟ್ಟದ್ದೇ ಕೆಮ್ಮತೊಡಗಿದಳು. "ಏನಿದು? ಹೊಗೆ ಯಾಕೆ?"

"ಅರಿಸಿನ ಬೇಯ್ಸುದ್ರ ಹೊಗೆ ಬರ್ದೆ ಗಂಧ ಬಂದದಾ? ಬಾರವ್ವ, ಆ ಕಡಿಕೆ ಕುಂತ್ಕೊ" ಎಂದಳು ಸುಂದ್ರಮ್ಮ.

ತಾಹಿರಾ ಮೊಬೈಲ್ ತೆಗೆದು ತೋರಿಸಿದಳು. ಅದರಲ್ಲಿ ಒಂದು ವಿಡಿಯೊ. ಸುಂದ್ರಮ್ಮ ರೇಷ್ಮೆ ಸೀರೆ ಉಟ್ಟು, ಫಳಫಳ ಹೊಳೆಯುವ ಬಾಯ್ಲರ್ ಪಕ್ಕ ನಿಂತು ನಗುತ್ತಿದ್ದಾಳೆ. ಹಿಂದಿನಿಂದ ಯಾರದೋ ಇಂಪಾದ ದನಿ: "ಇಂದು ಸುಂದ್ರಮ್ಮನವರ ಬದುಕಿನಲ್ಲಿ ಹೊಗೆ ಇಲ್ಲ."

ಶಾಂತಿ ಪಂಪು ಎಳೆದುಕೊಳ್ಳುತ್ತಿದ್ದಳು. ಆ ಸದ್ದು, ಈ ಸಂಗೀತ, ಎರಡೂ ಒಟ್ಟಿಗೆ ಕೇಳಿದವು.

ಬಾಯ್ಲರ್ ಇದ್ದದ್ದೇನೋ ನಿಜ. ಒಂದು ಕಂಪನಿ ಬಂದು ಶೆಡ್ಡು ಕಟ್ಟಿ, ಆವಿಯಲ್ಲಿ ಅರಿಸಿನ ಬೇಯಿಸುವ ಯಂತ್ರ ಕೂರಿಸಿ, ಬೇಯಿಸಿದ ಅರಿಸಿನವನ್ನು ತಾನೇ ಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. ಮೊದಲ ಸುಗ್ಗಿಯಲ್ಲಿ ಹೊಗೆ ಇಲ್ಲದೆ ಕೆಲಸ ಆಯಿತು, ಹೆಂಗಸರು ಬಾಯ್ತುಂಬ ಹೊಗಳಿದರು. ಆಮೇಲೆ ಆವಿಯ ಕೊಳವೆಯ ವಾಲ್ವು ಕೆಟ್ಟಿತು. ಕಂಪನಿಯ ಮ್ಯಾನೇಜರ್ ಗುರುಪಾದಸ್ವಾಮಿ ನಾಳೆ ಸರಿಮಾಡಿಸುತ್ತೇನೆ ಎಂದ. ಆ ನಾಳೆ ಇನ್ನೂ ಬಂದಿರಲಿಲ್ಲ.

"ಹಾಗಾದ್ರೆ ಈ ವಿಡಿಯೊ? ಇದರಲ್ಲಿ ಆವಿ ಬರ್ತಿದೆಯಲ್ಲ!"

ಸುಂದ್ರಮ್ಮ ಕೊಂಚ ನಾಚಿಕೊಂಡಳು. "ಅದು ನಂದೇ ಉಪಾಯ ಕಣವ್ವ. ಓದ ವರ್ಸ ದುಡ್ಡಾಕ್ದೋರ ಕಡೆಯೋರು ನೋಡಕ್ಕ ಬತ್ತಾರ ಅಂದ್ರು. ಇಲ್ಲಿ ಹಿಂದ್ಗಡೆ ಬೇಯ್ಸ್ಬುಟ್ಟು, ಬಿಸಿಬಿಸೀನೇ ಹೊತ್ಕಂಡೋಗಿ ಬಾಯ್ಲರ್ಗ ಸುರ್ದ್ಬುಟ್ವಿ. ಅವ್ರು ಮುಚ್ಚಳ ತಗುದ್ರ ಬುಸ್ ಅಂತ ಆವಿ ಬಂತು. ಮನಗ ಬಂದೋರ ಮುಂದ ನಮ್ಮ ಗೋಳು ತೋರ್ಸದ? ಸಕ್ಕರೆ ಇಲ್ದಿದ್ರೂ ಪಕ್ಕದ ಮನೇಲಿ ಇಸ್ಕಂಬಂದು ಕಾಫಿ ಕೊಡಲ್ವಾ? ಅಂಗೇ."

ಹೌದು, ಊರಿನ ಪದ್ಧತಿಯೇ ಅದು. ನೆಂಟರು ಬಂದರೆ ಮನೆಯ ತಾಪತ್ರಯ ಒಳಗೆ ತಳ್ಳಿ ಬಾಗಿಲು ಹಾಕುತ್ತಾರೆ. ಒಳ್ಳೆಯ ಪದ್ಧತಿ, ಬೇಡ ಎನ್ನುವವರು ಯಾರು? ಆದರೆ ಆ ಮರ್ಯಾದೆಯನ್ನೇ ಬಂಡವಾಳ ಮಾಡಿಕೊಂಡು ಮೆರೆಯುವವರನ್ನು ಏನೆನ್ನಬೇಕು? ಗುರುಪಾದಸ್ವಾಮಿ ಆ ದಿನ ಆವಿ ನೋಡಿ ಚಪ್ಪಾಳೆ ತಟ್ಟಿದ್ದ. ನಿಜ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ತಾಹಿರಾಳ ಮುಖ ಕೆಂಪಾಯಿತು. "ಅಕ್ಕಾ, ಅವರು ನೆಂಟರಲ್ಲ. ಆ ದುಡ್ಡು ಯಾರದ್ದು ಗೊತ್ತಾ? ನಂದು!"

"ನಿಂದಾ?" ಸುಂದ್ರಮ್ಮನ ಗಂಡ ಮಾದಣ್ಣ ಆಗ ತಾನೆ ಸೌದೆ ಹೊರೆ ಇಳಿಸಿ ನಿಂತಿದ್ದ. "ಅಲ್ಲ ಕಣವ್ವ, ನಿಂಗೆಲ್ಲಿಂದ ಬಂತು ಬಾಯ್ಲರ್ ತಗಳ ದುಡ್ಡು?"

"ನನ್ನೊಬ್ಬಳದ್ದೇ ಅಲ್ಲ, ಅಣ್ಣ. ನಮ್ಮ ಸಂಬಳದಲ್ಲಿ ತಿಂಗಳಾ ತಿಂಗಳಾ ಒಂದಿಷ್ಟು ಹಿಡ್ಕೋತಾರೆ, ವಯಸ್ಸಾದ ಮೇಲೆ ಪಿಂಚಣಿಗೆ ಅಂತ. ಹಂಗೆ ಸಾವಿರಾರು ಜನರ ದುಡ್ಡು ಒಂದು ನಿಧೀಲಿ ಸೇರತ್ತೆ. ಅದನ್ನ ಸುಮ್ನೆ ಪೆಟ್ಟಿಗೇಲಿ ಇಡಲ್ಲ, ಎಲ್ಲಾದ್ರೂ ಹಾಕಿ ಬೆಳೆಸ್ತಾರೆ. ಪಿಂಚಣಿ ನಿಧಿ, ವಿಮಾ ಕಂಪನಿ, ದೊಡ್ಡ ಟ್ರಸ್ಟು, ಇವರೆಲ್ಲ ಹಂಗೆ ಬೇರೆಯವರ ದುಡ್ಡು ನೋಡ್ಕೊಳೋ ಸಂಸ್ಥೆಗಳು. ನಮ್ಮ ನಿಧಿಯವರು ಅದರಲ್ಲಿ ಒಂದು ಪಾಲು ನಿಮ್ಮ ಈ ಕಂಪನಿಗೆ ಹಾಕಿದ್ದಾರೆ."

"ಸಾಲನಾ? ದಾನನಾ?" ಮಾದಣ್ಣ ಕೇಳಿದ.

"ದಾನ ಅಲ್ಲ. ದುಡ್ಡು ಬೆಳೆದು ವಾಪಸ್ ಬರ್ಬೇಕು. ಅದರ ಜೊತೆಗೆ ಜನರಿಗೂ ಒಳ್ಳೇದಾಗ್ಬೇಕು. ಎರಡೂ ಆಗ್ಬೇಕು ಅಂತ ಹಾಕಿರೋ ದುಡ್ಡು. ಹೆಂಗಸರ ಎದೆಗೆ ಹೊಗೆ ಹೋಗ್ಬಾರ್ದು ಅನ್ನೋದು ಕರಾರು. ಅದಾಯ್ತು ಅಂತ ನಮಗೆ ಈ ವಿಡಿಯೊ ಕಳಿಸಿದ್ದಾರೆ. ಇದನ್ನ ನೋಡಿ ಅದೇ ಕಂಪನಿಗೆ ಇನ್ನೊಂದು ಕಂತು ಕೊಡೋರಿದ್ದಾರೆ. ಅದರಲ್ಲಿ ಬೇರೆ ಊರಲ್ಲಿ ಇನ್ನೊಂದು ಬಾಯ್ಲರು. ಇದನ್ನ ರಿಪೇರಿ ಮಾಡೋರು ಯಾರು? ಇದು ನಡೀತಾ ಇದೆ ಅಂತ ನೀವೇ ನಕ್ಕೊಂಡು ಹೇಳಿದ್ದೀರಲ್ಲ!"

ಸುಂದ್ರಮ್ಮ ಕೈಯಲ್ಲಿದ್ದ ಕೋಲನ್ನು ಕೆಳಗಿಟ್ಟಳು. ತಾನು ಬಂದವರ ಮುಂದೆ ಮನೆಯ ಮಾನ ಕಾಪಾಡಿದೆ ಎಂದುಕೊಂಡಿದ್ದಳು. ಕಾಪಾಡಿದ್ದು ಸುಳ್ಳನ್ನು. ಅದಕ್ಕೆ ಸೊಸೆಯ ಉಸಿರು ಹೋಗುತ್ತಿತ್ತು.

ಮಾದಣ್ಣ ಮಾತ್ರ ಒಪ್ಪಲಿಲ್ಲ. "ದೊಡ್ಡೋರ ಸವಾಸ ನಮ್ಗ್ಯಾಕ? ಏನಾರ ಅಂದ್ರ ಅರಿಸಿನ ತಗಳದೇ ನಿಲ್ಲಿಸ್ಬುಟ್ಟಾರು. ಸುಮ್ಕಿರು."

"ಸುಮ್ಕಿದ್ದೇ ಈ ಗತಿ ಬಂದದ" ಎಂದಳು ಸುಂದ್ರಮ್ಮ. "ಸೊಸ ಬೇಕಾ, ಮ್ಯಾನೇಜರ್ ಬೇಕಾ ನಿಮ್ಗ?"

ಮಾದಣ್ಣ ಬೀಡಿ ಹುಡುಕಿದ. ಶಾಂತಿಯ ಕಡೆ ಕಣ್ಣು ಹೋಯಿತು. ಬೀಡಿಯನ್ನು ಮತ್ತೆ ಜೇಬಿಗಿಟ್ಟುಕೊಂಡ.

ಮುಂದಿನ ವಾರವೇ ನಿಧಿಯವರು ಬರುವ ದಿನ. ಗುರುಪಾದಸ್ವಾಮಿ ಬೆಳಿಗ್ಗೆಯೇ ಬಂದು ಶೆಡ್ಡಿಗೆ ಮಾವಿನ ತೋರಣ ಕಟ್ಟಿಸಿದ. ಹೆಂಗಸರಿಗೆಲ್ಲ ಒಂದೇ ಬಣ್ಣದ ಸೀರೆ ಉಡಲು ಹೇಳಿದ. "ಸುಂದ್ರಮ್ಮ, ಹೋದ ಸಲದ ಹಾಗೇ. ಮುಚ್ಚಳ ತೆಗೆಯುವಾಗ ನಗಬೇಕು, ಆಯ್ತಾ?" ಎಂದ. ಸುಂದ್ರಮ್ಮ ತಲೆಯಾಡಿಸಿದಳು. ಒಲೆ ಹಚ್ಚಲು ಹಿಂದಕ್ಕೆ ಹೋದಳು. ಎಂದಿಗಿಂತ ಒಂದು ಹೊರೆ ಹಸಿ ಸೌದೆ ಜಾಸ್ತಿಯೇ ಹಾಕಿದಳು.

ಕಾರು ಬಂತು. ನಿಧಿಯ ಅಧಿಕಾರಿ ಗಂಗಾಂಬಿಕೆ ಇಳಿದರು. ಹೋದ ವರ್ಷ ಬಂದವರೂ ಅವರೇ. ಬಾಯ್ಲರ್ ಎದುರು ಕುರ್ಚಿ ಹಾಕಿತ್ತು. ಕೂತು, ಪ್ರೀತಿಯಿಂದಲೇ ಕೇಳಿದರು: "ಹೇಗಿದ್ದೀರಿ ಸುಂದ್ರಮ್ಮ? ಯಂತ್ರದಿಂದ ಅನುಕೂಲ ಆಗಿದೆಯಾ?"

"ಚೆನ್ನಾಗ..." ಎಂದು ಬಾಯಿ ತನ್ನಷ್ಟಕ್ಕೆ ತಾನೇ ಶುರು ಮಾಡಿತು. ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಹಿತ್ತಲಿನಿಂದ ಶಾಂತಿಯ ಕೆಮ್ಮು ಕೇಳಿತು. ಸುಂದ್ರಮ್ಮ ಮಾತು ನುಂಗಿಕೊಂಡು ಕಾಫಿ ಲೋಟ ಮುಂದಿಟ್ಟಳು.

ಗಂಗಾಂಬಿಕೆ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಸಕ್ಕರೆ ಇಲ್ಲ ಕಣವ್ವ" ಎಂದಳು ಸುಂದ್ರಮ್ಮ. "ಮನೇಲಿ ಆಗೋಗದ. ಓದ ವರ್ಸ ಇಸ್ಕಂಬಂದು ಆಕಿದ್ದೆ, ನಿಮ್ಗ ತಿಳೀನಿಲ್ಲ. ಈ ವರ್ಸ ಇಲ್ದುದ್ನ ಇಲ್ಲ ಅಂತೀನಿ. ಲೋಟ ತಕ್ಕಳಿ, ಬನ್ನಿ. ನಾವೆಲ್ಲಿ ಕುಂತಿರ್ತೀವೋ ಅಲ್ಲೇ ಕುಂತ್ಕಂಡು ಕುಡೀರಿ."

"ಏಯ್ ಸುಂದ್ರಮ್ಮ, ಏನಿದು? ಮೇಡಂ, ಇವರಿಗೆ ಸ್ವಲ್ಪ..." ಗುರುಪಾದಸ್ವಾಮಿ ಅಡ್ಡ ಬಂದ. ಮಾದಣ್ಣ ಅವನ ಎದುರು ನಿಂತ. ಆ ಮನುಷ್ಯ ಅದುವರೆಗೆ ಯಾರಿಗೂ ಎದುರು ನಿಂತವನಲ್ಲ. "ದಾರಿ ಬುಡು ಸ್ವಾಮಿ. ಮೇಡಮ್ಮೋರು ನೋಡ್ಲಿ" ಎಂದ.

ಹಿತ್ತಲಲ್ಲಿ ಒಂದು ಕಲ್ಲಿನ ಮೇಲೆ ಗಂಗಾಂಬಿಕೆಯನ್ನು ಕೂರಿಸಿದರು. ಗಾಳಿ ಅವರ ಕಡೆಗೇ ಬೀಸಿತು. ಕ್ಷಣದಲ್ಲಿ ಕಣ್ಣಲ್ಲಿ ನೀರು, ಬಾಯಲ್ಲಿ ಕೆಮ್ಮು. ಎದ್ದು ನಿಂತರು.

"ಎರಡ್ ಗುಟುಕು ಕುಡಿಯ ಗಂಟ ಕುಂತಿರಕ್ಕಾಗ್ನಿಲ್ವಲ್ಲ ತಾಯಿ" ಸುಂದ್ರಮ್ಮನ ದನಿ ಏರಿತು. "ನನ್ ಸೊಸ ದಿನವೆಲ್ಲ ಕುಂತಿರ್ತಾಳ. ಅವಳ ಎದೆ ಮ್ಯಾಲ ಕಿವಿ ಇಟ್ಟು ಕೇಳಿ. ನಮ್ ಬದುಕಲ್ಲಿ ಹೊಗೆ ಇಲ್ಲ ಅಂತ ದೇಸಕ್ಕೆಲ್ಲ ಸಾರ್ಕಂಡು ಬಂದ್ರಿ! ನಾನು ಸುಳ್ಳು ಆವಿ ತೋರ್ಸಿದ್ದು ತಪ್ಪು, ಒಪ್ಕತೀನಿ. ನೀವೂ ಓದ ವರ್ಸ ಈ ಗೋಡೆ ದಾಟಿ ನಾಕ್ ಹೆಜ್ಜೆ ಬಂದಿದ್ರ ಕಾಣ್ತಿತ್ತಲ್ಲ! ಆವಿ ನೋಡುದ್ರಿ, ಫೋಟ ತಗುದ್ರಿ, ಹೊಂಟೋದ್ರಿ. ಜನರ ಪಿಂಚಣಿ ದುಡ್ಡು ಹಾಕೋರು ಇಷ್ಟು ಸಲೀಸಾಗಿ ನಂಬ್ಬುಡ್ತೀರಾ?"

ಗಂಗಾಂಬಿಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೊದಲು ಸಿಟ್ಟು ಬಂದಂತೆ ಕಂಡಿತು. ಆಮೇಲೆ ಹೋಗಿ ಬಾಯ್ಲರ್ ಮುಚ್ಚಳ ತೆಗೆದು ಕೈ ಹಾಕಿ ನೋಡಿದರು. ಒಳಗೆ ಇಲಿ ಗೂಡು ಕಟ್ಟಿತ್ತು.

"ಗುರುಪಾದಸ್ವಾಮಿಯವರೇ" ಎಂದರು. "ಇದು ನಡೆಯುವ ತನಕ ಮುಂದಿನ ಕಂತಿನ ಮಾತು ಎತ್ತಬೇಡಿ. ನಡೆದ ಮೇಲೂ ನಿಮ್ಮನ್ನು ಕೇಳುವುದಿಲ್ಲ. ಇವರನ್ನು ಕೇಳುತ್ತೇನೆ, ನೀವು ಇಲ್ಲದಾಗ ಬಂದು ಕೇಳುತ್ತೇನೆ." ಸುಂದ್ರಮ್ಮನ ಕಡೆ ತಿರುಗಿ, "ಗೋಡೆ ದಾಟಬೇಕಿತ್ತು. ದಾಟಲಿಲ್ಲ" ಎಂದರು.

ಕಂತು ನಿಂತರೆ ಕಂಪನಿಗೆ ಕಾಲು ಬರುತ್ತದೆ. ಯಾವ ಕಾಲಕ್ಕೂ ಸಿಗದಿದ್ದ ವಾಲ್ವು ಆ ವಾರವೇ ಸಿಕ್ಕಿತು. ಅರಿಸಿನ ಕೊಳ್ಳುವುದನ್ನೂ ಯಾರೂ ನಿಲ್ಲಿಸಲಿಲ್ಲ. ಸುಗ್ಗಿಯ ಉಳಿದ ಅರಿಸಿನವೆಲ್ಲ ಆವಿಯಲ್ಲೇ ಬೆಂದಿತು. ಶಾಂತಿಯ ದಮ್ಮು ಹೋಗಲಿಲ್ಲ, ಒಮ್ಮೆ ಕೆಟ್ಟ ಎದೆ ಅಷ್ಟು ಬೇಗ ಸರಿಯಾಗುವುದಿಲ್ಲ. ಆದರೆ ಪಂಪು ಸೆರಗಿನ ಗಂಟಿನಿಂದ ಮನೆಯ ಗೂಡಿಗೆ ಹೋಯಿತು. ಆ ವಿಡಿಯೊ ಮಾತ್ರ ಇನ್ನೂ ಓಡಾಡುತ್ತಲೇ ಇದೆ. ತೆಗೆಯಿರಿ ಎಂದು ತಾಹಿರಾ ನಿಧಿಯವರ ಬೆನ್ನು ಬಿದ್ದಿದ್ದಾಳೆ.

ಮೊನ್ನೆ ಗಂಗಾಂಬಿಕೆ ಹೇಳದೆ ಕೇಳದೆ ಬಸ್ಸಿನಲ್ಲಿ ಬಂದಿಳಿದರು. ಕಾಫಿ ಕೊಡುವ ಮೊದಲೇ ಮಾದಣ್ಣ, "ಮೊದ್ಲು ಹಿತ್ತಲು ನೋಡ್ಕಬನ್ನಿ ತಾಯಿ, ಆಮೇಲೆ ಕಾಫಿ" ಎಂದ. ನೋಡಿ ಬಂದರು. ಈ ಸಲ ಮನೆಯಲ್ಲಿ ಸಕ್ಕರೆ ಇತ್ತು, ಸುಂದ್ರಮ್ಮ ಹಾಕಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿಗೂ ಒಳಿತು ಮಾಡುತ್ತೇವೆಂದು ಹಣ ಹಾಕಿದವರು ಬರುತ್ತಾರೆ. ಉಪಚಾರ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಕೆಟ್ಟ ಯಂತ್ರಕ್ಕೆ ತೋರಣ ಕಟ್ಟಬೇಡಿ. ಈ ಹಣ ಯಾರದ್ದು, ನಮಗೆ ಏನು ಒಳಿತಾಗುತ್ತದೆಂದು ಬರೆದು ಕೊಟ್ಟಿದ್ದೀರಿ, ಆಗದಿದ್ದರೆ ಯಾರಿಗೆ ದೂರು ಕೊಡಬೇಕು ಎಂದು ಕೇಳಿ. ಸಂಬಳದಲ್ಲಿ ಪಿಂಚಣಿಗೆ ಹಣ ಕಟ್ಟುವವರೇ, ನಿಮ್ಮ ಹಣ ಯಾರ ಒಲೆಯ ಮುಂದೆ ಹೋಗಿ ಕೂತಿದೆ ಎಂದು ನಿಮ್ಮ ನಿಧಿಯವರನ್ನು ಕೇಳಿ. ಮತ್ತು ಆ ನಿಧಿಗಳ ಕುರ್ಚಿಯಲ್ಲಿ ಕೂತವರೇ, ನಿಮಗೆ ತೋರಿಸಿದ್ದನ್ನು ಮಾತ್ರ ನೋಡಿ ಹಿಂದಿರುಗಬೇಡಿ. ಎದ್ದು ಗೋಡೆಯಾಚೆ ಹೋಗಿ, ಹೊಗೆಯ ಪಕ್ಕ ಒಂದು ಲೋಟ ಕಾಫಿ ಕುಡಿದು ನೋಡಿ. ಕೂತಿರಲು ಆಗದಿದ್ದರೆ, ನಿಮ್ಮ ವರದಿಗೆ ಅದನ್ನೇ ಬರೆಯಿರಿ.