ಇಲ್ಲದ ನೆಗ್ಗಿಗೆ ದಂಡ

ಬಾಡಿಗೆ ಕಾರನ್ನು ಎಲ್ಲೋ ಗುದ್ದಿ ತಂದು ದಂಡ ಕಟ್ಟಿದವರನ್ನು ನಾನು ನೋಡಿದ್ದೇನೆ. ಗೀರು ಬೀಳಿಸಿ ತಂದು, ಅದು ಮೊದಲೇ ಇತ್ತೆಂದು ಆಣೆ ಪ್ರಮಾಣ ಮಾಡಿದವರೂ ಗೊತ್ತು. ಆದರೆ ಕಾರನ್ನು ಮೊದಲಿಗಿಂತ ಚೆನ್ನಾಗಿ ಮಾಡಿ ತಂದುಕೊಟ್ಟು ಸಿಕ್ಕಿಬಿದ್ದವರು ಈ ಭೂಮಿಯ ಮೇಲೆ ನಮ್ಮ ಯಜಮಾನರೊಬ್ಬರೇ ಇರಬೇಕು.

ಇವರು ನಲವತ್ತು ವರ್ಷ ಟಿಂಕರಿಂಗ್ ಮಾಡಿದವರು. ನೆಗ್ಗಿದ ಗಾಡಿಗಳ ಮೈಯನ್ನು ಬಡಿದು, ಒತ್ತಿ, ಮಟ್ಟಸ ಮಾಡುವ ಕೆಲಸ. ಓಣಿಯವರು ಇಟ್ಟ ಹೆಸರು ಡೆಂಟಪ್ಪ. ಹೋದ ವರ್ಷ ಕೈ ನಡುಗಲು ಶುರುವಾಯಿತು. ಶೆಡ್ಡಿಗೆ ಬೀಗ ಹಾಕಿ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತರು. ಮೊದಮೊದಲು ಮನೆಯ ಪಾತ್ರೆಗಳ ನೆಗ್ಗು ತೆಗೆದರು, ಚಮಚಗಳನ್ನು ನೆಟ್ಟಗೆ ಮಾಡಿದರು. ಅವೂ ಮುಗಿದ ಮೇಲೆ ಮಾತು ನಿಲ್ಲಿಸಿಬಿಟ್ಟರು. ಒಂದು ದಿನ ನಾನೇ ಬೇಕೆಂದು ಒಂದು ಪಾತ್ರೆಯನ್ನು ಧಡಾರನೆ ನೆಲಕ್ಕೆ ಬಿಟ್ಟೆ. ತಿರುಗಿಯೂ ನೋಡಲಿಲ್ಲ. ಅವತ್ತು ನನಗೆ ನಿಜವಾಗಿ ಭಯವಾಯಿತು.

ಅದಕ್ಕೇ ನನ್ನ ತಂಗಿಯ ಮನೆಗೆ ಮೂರು ದಿನ ಹೋಗಿಬರೋಣವೆಂದು ಹೊರಡಿಸಿದೆ. ಕಾರನ್ನು ಬಾಡಿಗೆಗೆ ಹಿಡಿದವಳು ನಾನು, ಓಡಿಸಿದವಳು ನಾನು, ಡಿಪಾಸಿಟ್ಟು ಕಟ್ಟಿದವಳೂ ನಾನೇ. ಅದು ಎರಡು ವರ್ಷ ಹೊಲಿಗೆ ಯಂತ್ರ ತುಳಿದು, ಬಟ್ಟೆ ಒಗೆಯುವ ಮಷೀನಿಗೆಂದು ಕೂಡಿಟ್ಟ ಹಣ. ನಾಲ್ಕನೇ ದಿನ ವಾಪಸ್ ಬರುತ್ತದಲ್ಲ ಎಂಬ ಧೈರ್ಯ ನನಗೆ.

ಕಾರಿನ ಎಡಗಡೆ ಹಿಂಬಾಗಿಲಿನಲ್ಲಿ ಅಂಗೈಯಗಲದ ಹಳೆಯ ನೆಗ್ಗೊಂದಿತ್ತು. ಕಂಪನಿಯವರು ಅದರ ಫೋಟೊ ಹಿಡಿದು, ಕಾಗದದ ಮೇಲಿನ ಕಾರಿನ ಚಿತ್ರದಲ್ಲಿ ಆ ಜಾಗಕ್ಕೆ ಸುತ್ತು ಹಾಕಿ, ನನ್ನ ಸಹಿ ತೆಗೆದುಕೊಂಡಿದ್ದರು. ಇವರು ಆ ನೆಗ್ಗನ್ನು ನೋಡಿದ ರೀತಿಗೇ ನನಗೆ ಅನುಮಾನ ಬರಬೇಕಿತ್ತು. ಮುಂದೆ ನನ್ನ ಪಕ್ಕದಲ್ಲಿ ಕೂರದೆ, ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಆ ಬಾಗಿಲಿಗೆ ಒರಗಿ ಕುಳಿತಿದ್ದರು.

ಎರಡನೇ ದಿನ ಮಧ್ಯಾಹ್ನ ತಂಗಿ ಅಂಗಳದಿಂದ ಕೂಗಿದಳು. “ಅಕ್ಕಾ, ಬೇಗ ಬಾ! ಭಾವ ನಿನ್ನ ಕಾರು ಬಿಚ್ಚಿ ಏನೋ ಮಾಡಿಬಿಟ್ಟಿದಾರೆ!”

ನಾನು ಎದ್ದುಬಿದ್ದು ಓಡಿದೆ. ಅಷ್ಟರಲ್ಲಿ ಇವರು ಬಾಗಿಲಿನ ಒಳಹೊದಿಕೆ ಬಿಚ್ಚಿ, ಬಿಸಿನೀರು ಸುರಿದು, ಕಬ್ಬಿಣದ ಸರಳಿನ ತುದಿಗೆ ಹಳೆಯ ಬೆಲ್ಟಿನ ಚರ್ಮ ಸುತ್ತಿ, ಒಳಗಿನಿಂದ ಒತ್ತಿ, ಎಲ್ಲವನ್ನೂ ಮತ್ತೆ ಜೋಡಿಸಿ ಮುಗಿಸಿದ್ದರು. ಬಣ್ಣ ಒಡೆದಿರಲಿಲ್ಲವಾದ್ದರಿಂದ ಅಷ್ಟು ಸಾಕಾಯಿತಂತೆ. ನೆಗ್ಗು ಇದ್ದ ಕಡೆ ಈಗ ನನ್ನ ಮುಖ ಕಾಣುತ್ತಿತ್ತು. ಇವರು ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದರು. ಆ ನಗು ನೋಡಿ ಹನ್ನೊಂದು ತಿಂಗಳಾಗಿತ್ತು. ಬೈಯಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡೆ.

ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಆ ಇರುವೆ ಕಚ್ಚಿದ್ದು ಕಾರು ವಾಪಸ್ ಮಾಡುವ ದಿನ. ಕೌಂಟರಿನ ಹೆಂಗಸು ಕಾಗದ ಹಿಡಿದು ಕಾರಿಗೆ ಮೂರು ಸುತ್ತು ಬಂದಳು.

“ಮೇಡಂ, ಇಲ್ಲೊಂದು ನೆಗ್ಗಿತ್ತಲ್ಲ?”

“ಇತ್ತು. ಈಗಿಲ್ಲ.”

“ಇಲ್ಲ ಅಂದ್ರೆ? ಎಲ್ಲಿಗೆ ಹೋಯ್ತು?”

“ನಮ್ಮ ಯಜಮಾನ್ರು ತೆಗೆದ್ರು.”

ಆಕೆ ತಿರುಗಿ ನೋಡಿದಳು. ನಮ್ಮ ಯಜಮಾನರು ಆಗ ನೀರಿನ ಲೋಟ ಹಿಡಿದು, ಅರ್ಧ ಬಾಯಿಗೂ ಅರ್ಧ ಅಂಗಿಗೂ ಕುಡಿಸುತ್ತಿದ್ದರು. ಆಕೆ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದಳು.

ಮ್ಯಾನೇಜರು ಬಾಗಿಲನ್ನು ಬಗ್ಗಿ ನೋಡಿದ, ಮೊಣಕಾಲೂರಿ ನೋಡಿದ. “ನೋಡೀಮ್ಮಾ, ಇದು ರಿಪೇರಿ ಆದ ಬಾಗಿಲಲ್ಲ. ಎಲ್ಲೋ ಗುದ್ದಿದೀರಿ, ನಮಗೆ ಹೇಳದೆ ಬೇರೆ ಬಾಗಿಲು ಹಾಕಿಸ್ಕೊಂಡು ಬಂದಿದೀರಿ. ಡಿಪಾಸಿಟ್ ಸಿಗಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. “ಬದಲಾಯಿಸೋಕೆ ಬಾಗಿಲೇನು ದಿಂಬಿನ ಕವರಾ? ಮೂವತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ, ಒಂದು ಬೆಕ್ಕಿಗೂ ತಾಗಿಸಿಲ್ಲ! ಇದು ನಿಮ್ಮದೇ ಬಾಗಿಲು. ಇವರೇ ಕೈಯಾರೆ ತೆಗೆದಿದ್ದು.”

ಇವರು ಲೋಟ ಕೆಳಗಿಟ್ಟು ಮುಂದೆ ಬಂದರು. ಈಗ ನನ್ನ ಕಡೆ ಮಾತಾಡುತ್ತಾರೆಂದುಕೊಂಡೆ.

“ಬೇರೆ ಬಾಗಿಲು ಅಂತೀರಾ?” ಎಂದು ಮ್ಯಾನೇಜರನ್ನು ಕೇಳಿದರು.

“ಹೌದು.”

“ಹಳೇದಾ, ಹೊಸದಾ?”

“ಹೊಸದೇ. ಫ್ಯಾಕ್ಟರಿಯಿಂದ ಬಂದ ಹಾಗಿದೆ.”

ಇವರ ಮುಖ ಊರಗಲವಾಯಿತು. “ಅದನ್ನ ಒಂದು ಕಾಗದದಲ್ಲಿ ಬರೆದುಕೊಡ್ತೀರಾ?”

ನಾನು ತಲೆ ಚಚ್ಚಿಕೊಂಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. “ರೀ, ನೀವು ಯಾರ ಕಡೇರೀ?”

“ನಾನೇ ತೆಗೆದಿದ್ದು ಸಾರ್, ಸುಳ್ಳು ಹೇಳಲ್ಲ,” ಎಂದು ಇವರು ಸೇರಿಸಿದರು. ಆದರೆ ಆ ನಗುಮುಖ ನೋಡಿದರೆ ನಾನೂ ನಂಬುತ್ತಿರಲಿಲ್ಲ.

ಮ್ಯಾನೇಜರು ಒಳಹೊದಿಕೆ ಬಿಚ್ಚಿಸಿದ. ಸರಳು ಒತ್ತಿದ ಗುರುತು ಒಂದೂ ಇರಲಿಲ್ಲ. “ಗುರುತು ಬಿಡೋದು ಕಲಿಯೋರು,” ಎಂದರು ಇವರು, ಯಾರೂ ಕೇಳದಿದ್ದರೂ. ಮಾಡಿದ್ದುಣ್ಣೋ ಮಹಾರಾಯ ಎನ್ನೋಣವೆಂದರೆ ಇಲ್ಲಿ ಮಾಡಿದವರೊಬ್ಬರು, ಉಣ್ಣುವವಳು ನಾನು. ಇನ್ನೂ ಕೈಯಲ್ಲೇ ಒಗೆಯಬೇಕಾದ ಬಟ್ಟೆಯ ಬುಟ್ಟಿ ಕಣ್ಣ ಮುಂದೆ ಬಂದು ಸೊಂಟ ಈಗಲೇ ಹಿಡಿದಂತಾಯಿತು. ದನಿ ಏರಿಸಿದೆ. ಪಕ್ಕದ ಸಾಲಿನಲ್ಲಿದ್ದವರು ತಮ್ಮ ಜಗಳ ನಿಲ್ಲಿಸಿ ನಮ್ಮದನ್ನು ಕೇಳತೊಡಗಿದರು.

ಕೊನೆಗೆ ಮ್ಯಾನೇಜರೇ ಒಂದು ದಾರಿ ಹೇಳಿದ. “ನಮ್ಮ ಟಿಂಕರನ್ನ ಕರೆಸ್ತೀನಿ. ನೆಗ್ಗು ತೆಗೆದ ಜಾಗ ಕೈಗೆ ಗೊತ್ತಾಗತ್ತೆ. ಸಿಕ್ಕಿದ್ರೆ ಅದೇ ಬಾಗಿಲು, ನಿಮ್ಮ ಡಿಪಾಸಿಟ್ ವಾಪಸ್. ಸಿಗದಿದ್ರೆ ಹೊಸ ಬಾಗಿಲು, ನೀವು ಬಾಯಿ ಮುಚ್ಕೊಂಡು ಮನೆಗೆ ಹೋಗಬೇಕು.”

ಟಿಂಕರ್ ಬಂದ. ಗ್ರೀಸು ಮೆತ್ತಿದ ಕೈಯನ್ನು ಚೆನ್ನಾಗಿ ಒರೆಸಿಕೊಂಡು, ಕಣ್ಣು ಮುಚ್ಚಿ, ಬಾಗಿಲನ್ನು ಮೇಲಿನಿಂದ ಕೆಳಕ್ಕೆ ಸವರಿದ. ಸಿಗಲಪ್ಪಾ ಎಂದು ನಾನು. ಸಿಗದಿರಲಪ್ಪಾ ಎಂದು ಇವರು. ಗಂಡಹೆಂಡಿರು ಹೀಗೆ ಒಂದೇ ಬಾಗಿಲಿನ ಮುಂದೆ ಎರಡು ಹರಕೆ ಹೊತ್ತು ನಿಂತಿದ್ದೆವು. ಅವನು ಎರಡನೇ ಸಲ ಅಡ್ಡಡ್ಡ ಸವರಿದ, ಮೂರನೇ ಸಲ ಬೆರಳ ತುದಿಯಲ್ಲಿ.

“ಇಲ್ಲ ಸಾರ್,” ಎಂದ. “ಇದರ ಮೇಲೆ ಯಾರ ಕೈಯೂ ಆಡಿಲ್ಲ.”

ಇವರು ನೀಳವಾಗಿ ಉಸಿರು ಬಿಟ್ಟರು.

“ತಾಳಿ,” ಎಂದೆ. “ನಾನು ನೋಡ್ತೀನಿ.”

ಮ್ಯಾನೇಜರು ನಕ್ಕ. ನಗಲಿ. ಇವರ ಶೆಡ್ಡಿನಿಂದ ಒಂದೊಂದು ಗಾಡಿ ಹೊರಡುವ ಮುಂಚೆಯೂ ನಾನು ಅಂಗೈ ಆಡಿಸಿ ನೋಡಬೇಕಿತ್ತು. ಇವರ ಕಣ್ಣಿಗೆ ತಪ್ಪಿದ್ದು ನನ್ನ ಕೈಗೆ ತಪ್ಪುತ್ತಿರಲಿಲ್ಲ. “ಇಲ್ಲಿ” ಎಂದು ನಾನು ತೋರಿಸಿದರೆ, ಗೊಣಗುತ್ತಲೇ ಮತ್ತೆ ಸುತ್ತಿಗೆ ಎತ್ತಿಕೊಳ್ಳುತ್ತಿದ್ದರು.

ಬಾಗಿಲಿನ ಮೇಲೆ ಕೈಯಿಟ್ಟೆ. ಸಿಕ್ಕಿತು. ಹಿಡಿಕೆಯಿಂದ ನಾಲ್ಕು ಬೆರಳು ಕೆಳಗೆ, ಎಳ್ಳುಕಾಳಿನಷ್ಟು ಒಂದು ಉಬ್ಬು. ಸರಳು ಅಲ್ಲಿ ಒಮ್ಮೆ ಹಾರಿತ್ತು. ಹಾರಿದ್ದು ಸರಳಲ್ಲ, ಇವರ ಕೈ. ಮೊದಲಾಗಿದ್ದರೆ ಇಂಥದ್ದನ್ನು ಇವರು ಬಿಟ್ಟು ಏಳುತ್ತಿದ್ದವರೇ ಅಲ್ಲ.

“ಇಲ್ಲಿ” ಎನ್ನುವುದಕ್ಕೆ ತಿರುಗಿದೆ. ಇವರು ಎರಡೂ ಕೈಗಳನ್ನು ಬೆನ್ನ ಹಿಂದೆ ಒಂದಕ್ಕೊಂದು ಬಿಗಿಹಿಡಿದು, ನಡುಕ ಯಾರಿಗೂ ಕಾಣದಂತೆ ನಿಂತು, ನನ್ನ ಬಾಯನ್ನೇ ನೋಡುತ್ತಿದ್ದರು. ಅಯ್ಯೋ ಎನಿಸಿತು. ಇಷ್ಟು ವರ್ಷ ಜೊತೆಯಲ್ಲಿ ಬಾಳಿದ ಮನುಷ್ಯ ಹೀಗೆ ನನ್ನೆದುರು ಹೆದರಿ ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಪ್ರೀತಿ ಉಕ್ಕಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟೂ ಬಂತು.

“ಏನೂ ಸಿಗ್ತಿಲ್ಲ,” ಎಂದೆ. “ಹೊಸ ಬಾಗಿಲೇ ಇರಬೇಕು. ಬಿಲ್ ಬರೀರಿ.”

ಮ್ಯಾನೇಜರು ಬಾಯಿ ಬಿಟ್ಟುಕೊಂಡು ನೋಡಿದ, ಆಮೇಲೆ ಬಾಗಿಲು ಹೊಸದೆಂದು ಬಿಲ್ಲಿನಲ್ಲಿ ಬರೆದ. ಒಂದು ಬೆಕ್ಕಿಗೂ ತಾಗಿಸದ ನಾನು ಕಾರು ಗುದ್ದಿದವಳೆಂದು ಒಪ್ಪಿ ಸಹಿ ಹಾಕಿದೆ. ಇವರು ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸೇರಿಸಿದರು.

ಬಸ್ಸಿನಲ್ಲಿ ಆರು ಸ್ಟಾಪಿನವರೆಗೂ ಇವರ ಬಾಯಿ ಮುಚ್ಚಲಿಲ್ಲ. ಹನ್ನೊಂದು ತಿಂಗಳ ಬಾಕಿಯನ್ನೆಲ್ಲ ಬಡ್ಡಿ ಸಮೇತ ಮಾತಾಡಿದರು. ಆಮೇಲೆ ಇದ್ದಕ್ಕಿದ್ದಂತೆ ದನಿ ತಗ್ಗಿಸಿದರು.

“ಒಂದು ಮಾತು ಹೇಳ್ಲಾ? ಹಿಡಿಕೆ ಕೆಳಗೆ ನಾಲ್ಕು ಬೆರಳು. ಒಂದು ಸಣ್ಣ ಉಬ್ಬು ಉಳಿದುಬಿಟ್ಟಿದೆ.”

ನಾನು ಕಿಟಕಿಯ ಹೊರಗೆ ನೋಡಿದೆ.

“ಆ ಟಿಂಕರಿಗೆ ಸಿಗಲ್ಲ ಅಂತ ಗೊತ್ತಿತ್ತು. ಆದ್ರೆ ನೀನು ಕೈ ಇಟ್ಟಾಗ, ಮುಗೀತು ನನ್ನ ಕಥೆ ಅಂದ್ಕೊಂಡೆ.” ಇವರು ನನ್ನ ಕೈಯನ್ನು ತಮ್ಮ ನಡುಗುವ ಕೈಯೊಳಗೆ ತೆಗೆದುಕೊಂಡು, ಅಂಗೈಯನ್ನು ಹಿಂದುಮುಂದಾಗಿ ತಿರುಗಿಸಿ ನೋಡಿ, ಲೊಚಗುಟ್ಟಿದರು. “ಪಾಪ, ನಿನ್ನ ಕೈಯೂ ಹೋಯ್ತಲ್ಲೇ. ಬೇಜಾರು ಮಾಡ್ಕೋಬೇಡ. ನಾನಿದೀನಲ್ಲ.”

“ಹೌದ್ರೀ,” ಎಂದೆ. ಹಲ್ಲು ಕಚ್ಚಿಕೊಂಡೇ ಎಂದೆ.